ಗೆದ್ದ ಊರಿನ ಮರುದಿನ

ನಮ್ಮ ಆಟದಲ್ಲಿ ಊರು ಗೆಲ್ಲುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಎಲೆ ಎತ್ತಿ ದಾಳ ಹಾಕಿದರೆ ಮುಗಿಯಿತು, ಹಾಳೆಯ ಮೇಲಿನ ಕೋಟೆಗೆ ನಮ್ಮ ಬಾವುಟ ಏರುತ್ತದೆ. ಆಟ ರುಚಿಗೂಡುವುದು ಮರುದಿನದಿಂದ. ಕೆರೆಯ ತೂಬು ಇನ್ನು ಯಾರ ಕೈಯಲ್ಲಿ? ಕಂದಾಯವನ್ನು ಹಳೆಯ ಗೌಡನೇ ಎತ್ತಲಿ ಎಂದು ಬಿಡುವುದೋ, ನಮ್ಮವನೊಬ್ಬನನ್ನು ಕೂರಿಸುವುದೋ? ಅವರ ಮಾರಮ್ಮನ ಜಾತ್ರೆಯಲ್ಲಿ ಮೊದಲ ಆರತಿ ಯಾರದು? ಪರಶುರಾಂಪುರದ ಮನೆಯಲ್ಲಿ ಹಬ್ಬಕ್ಕೆ ಬಂಧುಬಳಗ ಸೇರಿದಾಗಲೆಲ್ಲ ಊಟ ಮುಗಿಸಿ ಪಡಸಾಲೆಗೆ ಚಾಪೆ ಹಾಸುತ್ತೇವೆ. ಈ ಪ್ರಶ್ನೆಗಳ ಮೇಲೆ ಮಾತು ಹತ್ತಿದರೆ ಸಂಜೆಯ ಕಾಫಿಗೂ ಯಾರೂ ಏಳುವುದಿಲ್ಲ.

ಆಟದ ಮೂಲ ನಮ್ಮದಲ್ಲ. ಆವರಿ ಆಲ್ಡರ್ 2013ರಲ್ಲಿ ಹೊರತಂದ ‘ದಿ ಕ್ವಯಟ್ ಇಯರ್’ ಎಂಬ ಆಟವನ್ನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅತ್ತೆಯ ಮಗ ಊರಿಗೆ ತಂದ. ಬೇಕಾಗುವುದು ಒಂದು ಖಾಲಿ ಹಾಳೆ, ಪೆನ್ಸಿಲ್ಲು, ಕೆಲವು ದಾಳ, ಒಂದು ಕಟ್ಟು ಇಸ್ಪೀಟೆಲೆ. ಐವತ್ತೆರಡು ಎಲೆಯೆಂದರೆ ಐವತ್ತೆರಡು ವಾರ. ಆಟೀನು, ಡೈಮನ್ನು, ಕಳಾವರ, ಇಸ್ಪೀಟು ಎಂದು ನಾಲ್ಕು ಋತು. ಇಸ್ಪೀಟು ರಾಜ ಬಂದರೆ ಆಟ ಮುಗಿಯಿತು. ಇಲ್ಲಿ ನಾನೊಬ್ಬ ವೀರ, ನೀನೊಬ್ಬ ಮಂತ್ರಿ ಎಂದು ಪಾತ್ರ ಹಂಚುವುದಿಲ್ಲ. ಎಲ್ಲರೂ ಸೇರಿ ಒಂದು ಸಮುದಾಯವನ್ನು ಕಟ್ಟುತ್ತಾರೆ. ಪ್ರತಿ ವಾರ ಒಬ್ಬರು ಎಲೆ ಎತ್ತಿ, ಅದು ಕೇಳಿದ್ದಕ್ಕೆ ಉತ್ತರ ಹೇಳಿ, ನಕ್ಷೆಯಲ್ಲಿ ಒಂದು ಬಾವಿಯನ್ನೋ ಒಂದು ಜಗಳವನ್ನೋ ಬರೆಯುತ್ತಾರೆ. ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅನಿಸಿದವರು ತಮ್ಮ ಮುಂದೆ ಒಂದು ಬಿಲ್ಲೆ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಅದಕ್ಕೆ ಹುಣಸೆಬೀಜ. ಯಾರ ಮುಂದೆ ಎಷ್ಟು ಬೀಜ ಸೇರಿವೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿರುತ್ತದೆ.

ಮೂಲದ ಆಟದಲ್ಲಿ ದಂಡಯಾತ್ರೆಗೆ ನಿಯಮಗಳಿಲ್ಲ. ಅದನ್ನು ಸೇರಿಸಿದವರು ನಾವು. ಸುತ್ತಲೂ ಚಿತ್ರದುರ್ಗ, ರಾಯದುರ್ಗ, ನಿಡುಗಲ್ಲು, ಶಿರಾ ಇಟ್ಟುಕೊಂಡ ಸೀಮೆಯವರಿಗೆ ಪಾಳೆಯಗಾರರಿಲ್ಲದ ನಕ್ಷೆ ಬರೆಯಲು ಬಾರದು. ಚಳ್ಳಕೆರೆ ಪಕ್ಕದ ದೊಡ್ಡೇರಿಯಲ್ಲೇ 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಮೊಗಲರ ಖಾಸಿಂಖಾನನನ್ನು ಕೋಟೆಯೊಳಗೆ ಕೂಡಿಹಾಕಿದ. ಖಾಸಿಂಖಾನ ಅಲ್ಲೇ ಸತ್ತ. ಉಳಿದವರಿಂದ ಹಣ ಕಟ್ಟಿಸಿಕೊಂಡು ಸಂತಾಜಿ ಹೊರಟುಹೋದ. ನೆಲ ಇಟ್ಟುಕೊಳ್ಳುವ ತಾಪತ್ರಯ ಅವನಿಗಿರಲಿಲ್ಲ. ನಮಗೆ ಆ ತಾಪತ್ರಯವೇ ಬೇಕು.

ಆದ್ದರಿಂದ ಒಂದು ನಿಯಮ ಮಾಡಿಕೊಂಡಿದ್ದೇವೆ. ಈ ಆಟದಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ. ಊರನ್ನು ಗೆದ್ದವರು ಎದ್ದು ಚಾಪೆಯ ಆಚೆ ಬದಿಗೆ ಹೋಗಿ ಕೂರಬೇಕು. ಅಲ್ಲಿಂದ ಮುಂದೆ ಅವರು ಸೋತ ಊರಿನ ಬಾಯಿ.

ಕಳೆದ ಸಲ ಅತ್ತೆಯ ಮಗ ನದಿಯ ಕೆಳಗಡೆಯ ಹಳ್ಳಿಯೊಂದನ್ನು ಹಿಡಿದ. ಹಿಡಿದ ಕೂಡಲೇ, ತೂಬಿಗೆ ನಮ್ಮ ಕಡೆಯವನೇ ನೀರುಗಂಟಿ ಎಂದು ಅಪ್ಪಣೆ ಬರೆಸಿದ. ಆಮೇಲೆ ಆಚೆ ಬದಿಗೆ ಹೋಗಿ ಕೂತ. ಎರಡು ವಾರ, ಎಂದರೆ ಎರಡು ಎಲೆ, ಸುಮ್ಮನಿದ್ದ. ಮೂರನೆಯದಕ್ಕೆ ನನ್ನ ಮುಖ ನೋಡಿ ಶುರುಮಾಡಿದ: “ನಿಮ್ ಆಳು ಬಂದು ತೂಬು ಎತ್ತಿದ್ರೆ ಮೇಗಳ ಗದ್ದೆಗೆ ನೀರು ಹತ್ತಲ್ಲ ಬಾವ. ಯಾವ ಮಡಿ ತಗ್ಗು, ಯಾವ ಮಡಿ ದಿಬ್ಬ ಅಂತ ಅವನಿಗೇನ್ ಗೊತ್ತು? ನಮ್ ನೀರುಗಂಟಿ ಅಪ್ಪ, ಅವರಪ್ಪ ಎಲ್ಲಾ ಇದೇ ಏರಿ ಮೇಲೆ ಸವೆದೋರು.” ಅಪ್ಪಣೆ ಅವನದೇ. ಅದನ್ನು ಈಗ ಬೇಡುವವನ ಜಾಗದಲ್ಲಿ ಕೂತು ಕೇಳುತ್ತಿದ್ದಾನೆ. ಈಚೆಗಿದ್ದ ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನ ಮುಂದೆ ಆಗಲೇ ಐದಾರು ಬೀಜ ಸೇರಿದ್ದವು.

ಬೀಜ ಮಿತಿ ಮೀರಿದರೆ ಏನಾಗಬೇಕು ಎಂಬ ಚರ್ಚೆ ಹಿಂದೆ ಬಹಳ ನಡೆದಿತ್ತು. ಚಿಕ್ಕವರೆಲ್ಲ ದಂಗೆ ಏಳಲಿ ಎಂದರು. ಅತ್ತೆ ಬೇಡ ಅಂದರು, ಜನ ಗುಳೆ ಹೋಗಲಿ ಅಂದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಗೆ ಬೀಗ ಹಾಕಿ ಹೊರಡುವವರನ್ನು ಕಂಡ ಊರು ನಮ್ಮದು, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹಾಗಾಗಿ ನಮ್ಮ ಆಟದಲ್ಲಿ ಸೋತ ಊರು ಕತ್ತಿ ಹಿಡಿಯುವುದಕ್ಕೆ ಮೊದಲು ಖಾಲಿಯಾಗುತ್ತದೆ. ಹೊಲ ಬೀಳು ಬೀಳುತ್ತದೆ, ಕೆರೆಯಲ್ಲಿ ಹೂಳು ತುಂಬುತ್ತದೆ, ಗೆದ್ದವರ ಕೈಯಲ್ಲಿ ಬರಿಯ ನಕ್ಷೆ ಉಳಿಯುತ್ತದೆ. ಹಿಂದಿನ ದೊರೆಗಳು ಇದನ್ನು ಚೆನ್ನಾಗಿ ಬಲ್ಲವರು. ಬಿಟ್ಟುಹೋದ ಒಕ್ಕಲನ್ನು ಮರಳಿ ಕರೆಯಲು ಮೊದಲ ವರ್ಷಗಳ ಕಂದಾಯ ಇಳಿಸಿ ಕೌಲು ಕೊಡುತ್ತಿದ್ದರು, ಕೆರೆ ಕಟ್ಟಿ ಕಾಪಾಡಿದವನಿಗೆ ಕಟ್ಟುಕೊಡಗಿ ಭೂಮಿ ಬಿಡುತ್ತಿದ್ದರು. ಈ ಎರಡೂ ಈಗ ನಮ್ಮ ಆಟದ ನಿಯಮಗಳು. ಹಳೆಯ ನೀರುಗಂಟಿಯನ್ನು ನಾವು ಅವನ ಕಟ್ಟುಕೊಡಗಿ ಸಮೇತ ವಾಪಸು ಕರೆಸಿದೆವು.

ಗೆದ್ದ ಊರಿನ ದನಗಳನ್ನು ನಮ್ಮ ದೊಡ್ಡಿಗೆ ಬರೆದುಕೊಳ್ಳುವಾಗಲೂ ಅತ್ತೆ ತಡೆದರು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ದೇವರ ಎತ್ತುಗಳಿಗೆ ಯಾರೂ ನೊಗ ಹೂಡುವುದಿಲ್ಲ. ಅವುಗಳ ಹಿಂದೆ ಅಡವಿ ತಿರುಗಲೆಂದೇ ಕಿಲಾರಿಗಳಿದ್ದಾರೆ. ಅವು ಲೂಟಿಯ ಲೆಕ್ಕಕ್ಕೆ ಬರಬಾರದು ಅಂದರು, ಎಲ್ಲರೂ ಒಪ್ಪಿದೆವು.

ಇನ್ನೊಂದು ಪಾಠವನ್ನು ನಾವು ಕಲಿತದ್ದು ಮೊಳಕಾಲ್ಮೂರು ತಾಲ್ಲೂಕಿನ ಬಂಡೆಯಿಂದ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಮಾಡಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ ಮಾತು ಅದು. ರಾಜಧಾನಿಯಿಂದ ಅಷ್ಟು ದೂರದ ನಾಡಿಗೆ ಬಂದ ಆ ಅಪ್ಪಣೆ ಶುರುವಾಗುವುದು ಎದುರಿನವರ ಆರೋಗ್ಯ ವಿಚಾರಿಸಿ. ಇದೇ ಅಶೋಕ ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತದ್ದನ್ನೂ ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದದ್ದನ್ನೂ ತನ್ನ ಹದಿಮೂರನೆಯ ಶಾಸನದಲ್ಲಿ ಹೇಳಿಕೊಂಡ. ಆದರೆ ಕಳಿಂಗದ ನೆಲದಲ್ಲಿರುವ ಧೌಲಿ, ಜೌಗಡಗಳ ಬಂಡೆಗಳಲ್ಲಿ ಆ ಶಾಸನವಿಲ್ಲ. ಅದರ ಬದಲು ಅಲ್ಲಿನ ಅಧಿಕಾರಿಗಳಿಗೆ, ಜನರೆಲ್ಲ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ ಎಂಬ ಬೇರೆ ಅಪ್ಪಣೆಗಳಿವೆ. ಗೆದ್ದ ಕಥೆಯನ್ನು ಸೋತವರ ಬಾಗಿಲ ಮುಂದೆ ಕೆತ್ತಿಸಲಿಲ್ಲ. ಇದನ್ನು ಓದಿದ ಮೇಲೆ ನಾವೂ ಸೋತ ಊರಿನ ಕಡೆಯ ನಕ್ಷೆಯಲ್ಲಿ ವಿಜಯದ ಗುರುತು ಬರೆಯುವುದನ್ನು ನಿಲ್ಲಿಸಿದೆವು. ಆ ಊರಿಗೆ ಹೋಗುವ ಮೊದಲ ಓಲೆಯಲ್ಲಿ ಅಪ್ಪಣೆ ಇರಕೂಡದು, ಕ್ಷೇಮ ಕೇಳಬೇಕು.

ಇದಕ್ಕೆ ತದ್ವಿರುದ್ಧವಾದದ್ದೂ ನಮ್ಮ ಜಿಲ್ಲೆಯಲ್ಲೇ ನಡೆದಿದೆ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಹಿಡಿದ ಮೇಲೆ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿದ ಎಂದು ಗೆಜೆಟಿಯರ್ ಹೇಳುತ್ತದೆ. ಮದಕರಿ ನಾಯಕನ ಶೌರ್ಯ ಹಾಡುವ ನಾವು ಆ ಮಕ್ಕಳನ್ನು ನೆನೆಯುವುದು ಕಡಿಮೆ. ಚಾಪೆಯ ಆಚೆ ಬದಿ ಕೂತವರು ಒಮ್ಮೊಮ್ಮೆ ಅವರ ಹೆಸರೆತ್ತುತ್ತಾರೆ. ಆಗ ಈಚೆಯವರು ಎಲೆ ಎತ್ತುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಬ್ರಹ್ಮಗಿರಿಗೆ ಹೋಗಿ ಬನ್ನಿ. ಬಂದ ಮೇಲೆ ಮನೆಯಲ್ಲಿ ಈ ಆಟ ಹೂಡಿ. ನಾಲ್ಕು ಜನ, ಒಂದು ಮಧ್ಯಾಹ್ನ, ಒಂದು ಬೊಗಸೆ ಹುಣಸೆಬೀಜ ಸಾಕು. ಉಳಿದ ನಿಯಮಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಗೆದ್ದವರನ್ನು ಆಚೆ ಬದಿಗೆ ಕೂರಿಸುವುದನ್ನು ಮಾತ್ರ ಬಿಡಬೇಡಿ.