ಎಂಟುನೂರು ಡಾಲರು

ಜನವರಿ 11, 2025, ಶನಿವಾರ. ಫ್ರೀಮಾಂಟ್

ಹೋದ ವರ್ಷದ ಲೆಕ್ಕ ಕಟ್ಟಿದೆ. ಮಾರಾಟ ಇಪ್ಪತ್ತೊಂದು ಸಾವಿರ ಡಾಲರ್. ಶೇಂಗಾ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಪ್ಯಾಕೆಟ್ಟು, ವಿಮೆ, ಕೌಂಟಿಯ ಪರವಾನಗಿ, ಕಾರಿನ ಓಡಾಟ, ಗರಾಜಿನ ಜಾಗ, ಡಿಸೆಂಬರಿನಲ್ಲಿ ರಾಜ್ಯಕ್ಕೆ ಕಟ್ಟಿದ ಎಂಟುನೂರು ಎಲ್ಲ ಕಳೆದು ಉಳಿದದ್ದು 9,400. ಚಟ್ನಿಪುಡಿ, ಸಾರಿನಪುಡಿ ಮಾರಿ ಬಂದ ದುಡ್ಡು. ಎರಡು ಸಲ ಕೂಡಿ ನೋಡಿದೆ. ಖುಷಿಯಾಯಿತು.

ತೆರಿಗೆ ಇನ್ನೂ ಹಾಕಿ ನೋಡಿಲ್ಲ.

ಜನವರಿ 15

2024ರ ಕೊನೆಯ ಮುಂಗಡ ಕಂತು ಕಟ್ಟಿದೆ. ಐಆರ್‌ಎಸ್‌ಗೆ ಒಂದು, ರಾಜ್ಯಕ್ಕೆ ಇನ್ನೊಂದು. ಮೂರು ತಿಂಗಳಿಗೊಮ್ಮೆ ಅನ್ನುತ್ತಾರೆ. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ. ಏಪ್ರಿಲ್ ಆದ ಎರಡೇ ತಿಂಗಳಿಗೆ ಜೂನ್ ಬಂದು ನಿಲ್ಲುತ್ತದೆ.

"ನನ್ನ ಸಂಬಳದಲ್ಲೇ ಸ್ವಲ್ಪ ಜಾಸ್ತಿ ಹಿಡಿಸಿಬಿಡ್ತೀನಿ, ನಿಂಗೆ ಈ ತಲೆನೋವೇ ಇರಲ್ಲ" ಅಂದರು ಇವರು. ಕಾನೂನಿನ ಪ್ರಕಾರ ಅದೂ ಸರಿಯೇ. ಬೇಡ ಅಂದೆ. ನನ್ನ ತೆರಿಗೆ ನನ್ನ ಖಾತೆಯಿಂದ ಹೋಗಲಿ.

ಫೆಬ್ರವರಿ 2, ರಾತ್ರಿ

ಮಗಳು ಮಲಗಿದ ಮೇಲೆ ಓದುತ್ತ ಕೂತೆ. ಫೆಡರಲ್ ಸರ್ಕಾರದ ಕಣ್ಣಿಗೆ ನನ್ನ ಕಂಪನಿ, ಅಂದರೆ ಎಲ್‌ಎಲ್‌ಸಿ ಕಾಣುವುದೇ ಇಲ್ಲ! ಒಬ್ಬರೇ ಮಾಲೀಕರಿರುವ ಎಲ್‌ಎಲ್‌ಸಿ, ತಾನಾಗಿ ಬೇರೆ ಅರ್ಜಿ ಹಾಕದಿದ್ದರೆ, ಆದಾಯ ತೆರಿಗೆಯ ಮಟ್ಟಿಗೆ ಇಲ್ಲದ ಹಾಗೆ. ಬೇರೆ ರಿಟರ್ನ್ ಇಲ್ಲ. ನಮ್ಮಿಬ್ಬರ 1040ರ ಜೊತೆ ಶೆಡ್ಯೂಲ್ ಸಿ ಅಂತ ಎರಡು ಪುಟ ಸೇರುತ್ತದೆ, ಅಷ್ಟೆ.

ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಕಂಪನಿ ಚೆನ್ನಾಗಿ ಕಾಣುತ್ತದೆ. ಫಾರ್ಮ್ 568 ಬೇರೆ, ವರ್ಷಕ್ಕೆ ಎಂಟುನೂರು ಡಾಲರ್ ಬೇರೆ. ಲಾಭ ಬರಲಿ, ನಷ್ಟವಾಗಲಿ, ಒಂದು ಪ್ಯಾಕೆಟ್ಟೂ ಮಾರದೆ ಇರಲಿ, ಎಂಟುನೂರು. ಅದರ ಮೇಲೆ ಆದಾಯ ತೆರಿಗೆ ಇದ್ದೇ ಇದೆ. ವಹಿವಾಟು ಎರಡೂವರೆ ಲಕ್ಷ ಡಾಲರ್ ಮುಟ್ಟಿದರೆ ಇನ್ನೂ ಒಂದು ಶುಲ್ಕವಂತೆ. ಅದು ನನ್ನ ಜನ್ಮಕ್ಕಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ನೋಂದಾಯಿಸಿದ್ದಕ್ಕೆ ಡಿಸೆಂಬರ್ 15ರೊಳಗೆ ಪೂರ್ತಿ ವರ್ಷದ್ದು ಕೊಟ್ಟೆ. 2025ರದ್ದು ಏಪ್ರಿಲ್ 15ಕ್ಕೆ. 2021ರಿಂದ 2023ರವರೆಗೆ ಶುರು ಮಾಡಿದವರಿಗೆ ಮೊದಲ ವರ್ಷ ಮಾಫಿ ಇತ್ತು. ಬ್ಲೌಸ್ ಹೊಲಿಯುವ ಅಕ್ಕ ಆ ಲೆಕ್ಕದಲ್ಲಿ ಪಾರಾದಳು. ನನ್ನ ಹೊತ್ತಿಗೆ ಬಾಗಿಲು ಹಾಕಿತ್ತು.

ಫೆಬ್ರವರಿ 8

ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಒಬ್ಬರು ಡೆಲವೇರ್‌ನಲ್ಲಿ ಕಂಪನಿ ತೆಗೆಯಬೇಕಿತ್ತು ಅಂದರು, ಪಕ್ಕದವರು ವಯೋಮಿಂಗ್ ಅಂದರು. ಒಲೆ ಇರುವುದು ಫ್ರೀಮಾಂಟ್‌ನಲ್ಲಿ, ಹುರಿಯುವವಳು ಇಲ್ಲಿ, ಕೊಳ್ಳುವವರೂ ಇಲ್ಲಿ. ಎಲ್ಲಿ ನೋಂದಾಯಿಸಿದರೂ ಇಲ್ಲಿ ವ್ಯಾಪಾರ ಮಾಡಿದರೆ ಇಲ್ಲಿಯ ಎಂಟುನೂರು ತಪ್ಪದು. ಡೆಲವೇರ್‌ನ ಮುನ್ನೂರು ಅದರ ಮೇಲೆ. ಹೇಳಬೇಕೆನ್ನಿಸಿತು. ಹಿರಿಯರು, ಸುಮ್ಮನಿದ್ದೆ.

ಫೆಬ್ರವರಿ 20

ಯಾಕೆ ಕಂಪನಿ ಮಾಡಿದೆ? ಶೇಂಗಾಪುಡಿಗೆ. ಯಾವುದೋ ಮಗುವಿಗೆ ಶೇಂಗಾ ಆಗದೆ ಏನಾದರೂ ಆದರೆ ಮನೆ ಕೈಬಿಟ್ಟು ಹೋಗಬಾರದು ಅಂತ.

ಇವತ್ತು ಓದಿದ್ದು: ಕಂಪನಿಯ ಸಾಲಕ್ಕೆ ನನ್ನ ಮನೆ ಹೊಣೆಯಲ್ಲ, ನಿಜ. ಆದರೆ ನನ್ನ ಕೈಯಿಂದಲೇ ಆದ ಅಜಾಗರೂಕತೆಗೆ ನಾನೇ ಹೊಣೆ, ಕಂಪನಿ ಅಡ್ಡ ಬರುವುದಿಲ್ಲ. ಹುರಿಯುವವಳು, ಕುಟ್ಟುವವಳು, ಚೀಟಿ ಅಂಟಿಸುವವಳು ಎಲ್ಲ ನಾನೇ. ಹಾಗಾದರೆ ನಿಜವಾಗಿ ಕಾಯುವುದು ವಿಮೆ.

ನಿದ್ದೆ ಬರಲಿಲ್ಲ.

ಮಾರ್ಚ್ 9

ಅಡುಗೆಮನೆಯನ್ನು ಖರ್ಚಿಗೆ ತೋರಿಸುವಂತಿಲ್ಲ. ವ್ಯಾಪಾರಕ್ಕೆ ಮಾತ್ರ ಬಳಸುವ ಜಾಗವಾಗಿರಬೇಕು. ಅಲ್ಲೇ ಮಗಳಿಗೆ ದೋಸೆಯನ್ನೂ ಹುಯ್ಯುತ್ತೇನಲ್ಲ. ಗರಾಜಿನಲ್ಲಿ ಸರಕು ಇಡುವ ಮೂಲೆಗೆ ಮಾತ್ರ ಲೆಕ್ಕ ಉಂಟು, ಚದರ ಅಡಿಗೆ 5 ಡಾಲರ್. ಕಾರಿನ ಓಡಾಟಕ್ಕೆ 2024ರಲ್ಲಿ ಮೈಲಿಗೆ 67 ಸೆಂಟ್. ಇವನ್ನೆಲ್ಲ ಮೊದಲೇ ಕಳೆದಾಗಿದೆ. 9,400 ಅಲ್ಲಿಗೇ ನಿಂತಿತು.

ಆಮೇಲೆ ಶೆಡ್ಯೂಲ್ ಎಸ್‌ಇ. ಸ್ವಯಂ ಉದ್ಯೋಗ ತೆರಿಗೆ. 9,400ರಲ್ಲಿ ಶೇ 92.35 ಅಂದರೆ 8,681. ಅದಕ್ಕೆ ಶೇ 15.3. ಒಟ್ಟು 1,328 ಡಾಲರ್. ಆದಾಯ ತೆರಿಗೆ ಇನ್ನೂ ಶುರುವೇ ಆಗಿಲ್ಲ. ಇವರ ಸಂಬಳದಲ್ಲಿ ಶೇ 7.65 ಹಿಡಿದರೆ ಅಷ್ಟನ್ನೇ ಅವರ ಕಂಪನಿ ಹಾಕುತ್ತದೆ. ಇಲ್ಲಿ ಆಳೂ ನಾನೇ, ಧಣಿಯೂ ನಾನೇ, ಎರಡು ಪಾಲೂ ನನ್ನದೇ. ಹಾಗಂತ ನನಗೆ ನಾನೇ ಸಂಬಳ ಕೊಟ್ಟುಕೊಳ್ಳುವಂತಿಲ್ಲ. ಲಾಭವನ್ನು ಮುಟ್ಟದೆ ಖಾತೆಯಲ್ಲೇ ಬಿಟ್ಟರೂ ತೆರಿಗೆ ಬೀಳುತ್ತದೆ.

ಸಿಟ್ಟು ಬಂತು. ಒರಳುಕಲ್ಲಿನ ಮುಂದೆ ಕೂತ ದಿನಗಳೆಲ್ಲ ನೆನಪಾದವು.

ಮಾರ್ಚ್ 16

ಸಿಪಿಎ ಹತ್ತಿರ ಫೋನಿನಲ್ಲಿ ಮಾತಾಡಿದೆ. ಎಸ್ ಕಾರ್ಪೊರೇಷನ್ ಆಗುವುದಾದರೆ ಫಾರ್ಮ್ 2553ಕ್ಕೆ ನಾಳೆಯೇ ಗಡುವು. ಆಗ ನನಗೆ ಸಂಬಳ, ಪೇರೋಲ್, ಇನ್ನೊಂದು ರಿಟರ್ನ್, ಎಲ್ಲ ಶುರು. ಒಂಬತ್ತು ಸಾವಿರದ ಲಾಭಕ್ಕೆ ಉಳಿಯುವ ತೆರಿಗೆಗಿಂತ ಅವನ ಫೀಸೇ ಹೆಚ್ಚು ತಿನ್ನುತ್ತದೆ ಅಂತ ಅವನೇ ಹೇಳಿದ. ಒಳ್ಳೆಯ ಮನುಷ್ಯ.

ಇವರು ಮತ್ತೆ "ನನ್ನ ಹೆಸರೂ ಸೇರಿಸು" ಅಂದರು. ಪಾಲುದಾರರಾದರೆ ಸಾಮಾನ್ಯವಾಗಿ ಫಾರ್ಮ್ 1065, ಇಬ್ಬರಿಗೂ ಕೆ-1. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೆ ಅದನ್ನು ಬಿಡಬಹುದಂತೆ. ದಾರಿ ಇದೆ, ಆದರೆ ನನಗೆ ಇಷ್ಟವಿಲ್ಲ. ಅವರಿಗೆ ಬೇಜಾರಾಯಿತೋ ಏನೋ.

ಮಾರ್ಚ್ 22

ಮಾಲೀಕರು ಯಾರೆಂದು ಖಜಾನೆ ಇಲಾಖೆಗೆ ವರದಿ ಕೊಡಬೇಕೆಂಬ ನಿಯಮ, ಡಿಸೆಂಬರಿನಿಂದ ಒಂದು ಕೋರ್ಟು ತಡೆದು, ಇನ್ನೊಂದು ಬಿಟ್ಟು, ಗಡುವು ಮುಂದೆ ಹೋಗುತ್ತಲೇ ಇತ್ತು. ನಿನ್ನೆ ಅಮೆರಿಕದೊಳಗೆ ಹುಟ್ಟಿದ ಕಂಪನಿಗಳನ್ನೆಲ್ಲ ಕೈಬಿಟ್ಟರು. ಒಂದು ಹೊರೆ ಇಳಿಯಿತು.

ಮಾರ್ಚ್ 30, ಯುಗಾದಿ

ಅಮ್ಮನಿಗೆ ಫೋನ್. "ಅಷ್ಟು ಒದ್ದಾಡ್ತೀಯಲ್ಲ ಪುಟ್ಟಿ, ನಿನ್ನ ಹೆಸರಲ್ಲಿ ಏನಾದ್ರೂ ಉಳೀತಾ?" ಅಂದಳು. ಉಳೀತು ಅಂದೆ. ಎಷ್ಟು ಅಂತ ಅವಳು ಕೇಳಲಿಲ್ಲ.

ಏಪ್ರಿಲ್ 5

ಇವತ್ತು ಸೋಷಿಯಲ್ ಸೆಕ್ಯುರಿಟಿಯ ನನ್ನ ಖಾತೆ ತೆರೆದೆ. ಖಾಲಿ. ಎಚ್-4 ವೀಸಾದಲ್ಲಿ ಮನೆಯಲ್ಲಿ ಕೂತ ವರ್ಷಗಳು ಅಲ್ಲಿ ಎಲ್ಲೂ ಇಲ್ಲ. ಹಾಸನದ ಬ್ಯಾಂಕಿನಲ್ಲಿ ದುಡಿದದ್ದೂ ಇಲ್ಲ. ಭಾರತಕ್ಕೂ ಅಮೆರಿಕಕ್ಕೂ ಸೋಷಿಯಲ್ ಸೆಕ್ಯುರಿಟಿ ಒಪ್ಪಂದವಿಲ್ಲ, ಅಲ್ಲಿಯ ದುಡಿಮೆಯನ್ನು ಇಲ್ಲಿ ಕೂಡಿಸುವುದಿಲ್ಲ.

ಸ್ವಯಂ ಉದ್ಯೋಗ ತೆರಿಗೆ ಕಟ್ಟಿದ ದುಡಿಮೆ ಇಲ್ಲಿ ಸೇರುತ್ತದೆ. 2024ಕ್ಕೆ 1,730 ಡಾಲರ್ ದುಡಿಮೆಗೆ ಒಂದು ಕ್ರೆಡಿಟ್. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ಅಂದರೆ 6,920. ನನ್ನದು 8,681. ರಿಟರ್ನ್ ಹೋದ ಮೇಲೆ ನಾಲ್ಕೂ ಬರುತ್ತವೆ. ಪಿಂಚಣಿಗೆ ನಲವತ್ತು ಬೇಕು.

ಯಾವ ತೆರಿಗೆಗೆ ಸಿಟ್ಟಾಗಿದ್ದೆನೋ ಅದೊಂದೇ ನನ್ನ ಹೆಸರು ಬರೆದುಕೊಳ್ಳುತ್ತಿದೆ. ಕಂಪನಿಯನ್ನು ನೋಡದ ಸರ್ಕಾರ ನನ್ನನ್ನು ನೋಡಿತು. ತುಂಬ ಹೊತ್ತು ಆ ಪುಟ ಮುಚ್ಚಲಿಲ್ಲ.

ಏಪ್ರಿಲ್ 6

ಇವರ ದಾಖಲೆಯ ಮೇಲೆ ಹೆಂಡತಿಗೆ ಅವರ ಪಿಂಚಣಿಯ ಅರ್ಧದವರೆಗೆ ಸಿಗುತ್ತದೆ. ನನ್ನ ಚಿಕ್ಕ ದುಡಿಮೆಯ ಪಿಂಚಣಿ ಅದಕ್ಕಿಂತ ಕಡಿಮೆಯೇ ಬರಬಹುದು. ಆಗ ಕೈಗೆ ಸೇರುವ ಮೊತ್ತ ಒಂದೇ. ನಿನ್ನೆಯ ಸಂತೋಷ ಹಾಗಾದರೆ ಏನು? ಗೊತ್ತಿಲ್ಲ. ಇವತ್ತೂ ಇದೆ, ಸ್ವಲ್ಪ ಕಡಿಮೆ.

ಏಪ್ರಿಲ್ 15, ಮಂಗಳವಾರ

ಎಲ್ಲ ಕಳಿಸಿಯಾಯಿತು. ವ್ಯಾಪಾರದ ಲಾಭದಿಂದ ಹೋದದ್ದು: ಸ್ವಯಂ ಉದ್ಯೋಗ ತೆರಿಗೆ 1,328. ಅದರರ್ಧ ಕಳೆದು, ಸಣ್ಣ ವ್ಯಾಪಾರಕ್ಕೆ ಸಿಗುವ ಶೇ 20ರ ರಿಯಾಯಿತಿಯನ್ನೂ ಕಳೆದು, ಇವರ ಸಂಬಳದ ಮೇಲೆ ಕೂತು ಶೇ 22ರ ಫೆಡರಲ್ ತೆರಿಗೆ, ಹದಿನೈದುನೂರರ ಮೇಲೆ. ಆ ಶೇ 20ನ್ನು ರಾಜ್ಯ ಒಪ್ಪುವುದಿಲ್ಲ. ಅದರ ದರ ಶೇ 9.3, ಎಂಟುನೂರರ ಆಸುಪಾಸು. ಜೊತೆಗೆ 2025ರ ಕಂಪನಿಯ ಎಂಟುನೂರು, 2025ರ ಮೊದಲ ಮುಂಗಡ ಕಂತು.

ತಿನ್ನುವ ಪದಾರ್ಥವಾದ್ದರಿಂದ ಮಾರಾಟ ತೆರಿಗೆ ಮಾತ್ರ ಇಲ್ಲ. ದೇವರು ದೊಡ್ಡವನು.

ಸುಸ್ತು. ಮಗಳ ಶಾಲೆಯ ಚೀಟಿಗೆ ಸಹಿ ಹಾಕಿಲ್ಲ.

ಜೂನ್ 14

ಗಡುವು ಭಾನುವಾರ ಬಿದ್ದು ಸೋಮವಾರಕ್ಕೆ ಹೋಗಿದೆ. ಫೆಡರಲ್‌ಗೆ ಕಾಲುಭಾಗ. ರಾಜ್ಯದ ಕಂತು ಬೇರೆಯೇ: ಏಪ್ರಿಲಿಗೆ ಶೇ 30, ಜೂನಿಗೆ ಶೇ 40, ಸೆಪ್ಟೆಂಬರಿಗೆ ಸೊನ್ನೆ, ಜನವರಿಗೆ ಮತ್ತೆ 30. ಬೇಸಿಗೆಯಲ್ಲಿ ಜನ ಊರಿಗೆ ಹೋಗುತ್ತಾರೆ, ಪುಡಿ ಕೇಳುವವರಿಲ್ಲ. ದೊಡ್ಡ ಕಂತು ಬರುವುದು ಆಗಲೇ.

ಕಂಪನಿ ಇಲ್ಲದಿದ್ದರೆ ನಡೆಯುತ್ತದೆಯೇ ಎಂದು ನನ್ನ ಪುಡಿ ಇಡುವ ದಿನಸಿ ಅಂಗಡಿಯವರನ್ನು ಕೇಳಿದೆ. ಅವರಿಗೆ ವಿಮೆ ಪತ್ರ, ಕೌಂಟಿ ಪರವಾನಗಿ ಇದ್ದರೆ ಸಾಕು, ಎಲ್‌ಎಲ್‌ಸಿ ಆಗಲೇಬೇಕೆಂದಿಲ್ಲ. ಪ್ಯಾಕೆಟ್ಟಿನ ಮೇಲಿನ ಹೆಸರನ್ನೂ ಕೌಂಟಿಯಲ್ಲಿ ನೋಂದಾಯಿಸಿ ಇಟ್ಟುಕೊಳ್ಳಬಹುದು. ಕಂಪನಿ ಇಲ್ಲದಿದ್ದರೂ ಶೆಡ್ಯೂಲ್ ಸಿ ಅದೇ, ಸ್ವಯಂ ಉದ್ಯೋಗ ತೆರಿಗೆ ಅದೇ, ನಾಲ್ಕು ಕ್ರೆಡಿಟ್ಟೂ ಅವೇ.

ಆದರೆ ಮುಂದೆ ಬಾಡಿಗೆಗೆ ದೊಡ್ಡ ಅಡುಗೆಮನೆ ಹಿಡಿದರೆ? ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡರೆ, ಅವರ ಕೈ ತಪ್ಪಿದರೆ? ಆಗ ಕಂಪನಿ ಬೇಕಾಗುತ್ತದೆ. ಅಷ್ಟು ಬೆಳೆಯುತ್ತೇನೆಂಬ ಆಸೆಗೆ ವರ್ಷಕ್ಕೆ ಎಂಟುನೂರು ಕೊಡಬಹುದೇ?

ರದ್ದತಿ ಅರ್ಜಿಯ ನಮೂನೆ ಇಳಿಸಿಕೊಂಡಿದ್ದೇನೆ. ಡಿಸೆಂಬರಿನೊಳಗೆ ಕಂಪನಿಯ ಹೆಸರಿನ ವ್ಯಾಪಾರವೆಲ್ಲ ನಿಲ್ಲಿಸಿ, ಕೊನೆಯ ರಿಟರ್ನ್ ಎಂದು ಬರೆದು, ಈ ಅರ್ಜಿಯನ್ನೂ ಕೊಟ್ಟರೆ 2026ರದ್ದು ಬೀಳುವುದಿಲ್ಲ. ಇನ್ನೂ ತುಂಬಿಲ್ಲ. ದೀಪಾವಳಿ ಆರ್ಡರ್ ಎಷ್ಟು ಬರುತ್ತದೆ ನೋಡಬೇಕು.