ಇರುಳಿನ ಕೋವಿ

ಚಾಮರಾಜನಗರದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಗಳ ಸಾಲು. ಗುಂಡ್ಲುಪೇಟೆಯ ದಕ್ಷಿಣಕ್ಕೆ ಬಂಡೀಪುರದ ಅರಣ್ಯ. ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಹೊಲ ಮುಗಿದಲ್ಲಿಯೇ ಕಾಡು ಮೊದಲಾಗುತ್ತದೆ. ರಾಗಿ ತೆನೆಗಟ್ಟುವ ಕಾಲದಲ್ಲಿ ರೈತನು ಹೊಲದ ನಡುವೆ ಅಟ್ಟಣೆ ಕಟ್ಟಿ, ಕಂಬಳಿ ಹೊದೆದು ಇರುಳನ್ನು ಕಳೆಯುವುದು ಹಳೆಯ ವಾಡಿಕೆ. ಹಿಂದೆ ಕೆಲವರ ಬಳಿ ಮದ್ದುಗುಂಡು ಗಿಡಿದು ಹಾರಿಸುವ ನಾಡಕೋವಿಯೂ ಇರುತ್ತಿತ್ತು. ಪೊದೆ ಅಲುಗಿತೆಂದು ಕತ್ತಲೆಗೆ ಗುರಿಯಿಟ್ಟರೆ, ಹಂದಿಗೆ ಬೀಳಬೇಕಾದ ಏಟು ಚಿರತೆಗೋ ಹುಲಿಗೋ ತಗಲುವುದುಂಟು. ಅಂಥ ಪ್ರಾಣಿ ಒಡನೆ ಸಾಯುವುದಿಲ್ಲ, ಕುಂಟುತ್ತದೆ. ಜಿಂಕೆಯನ್ನು ಬೆನ್ನಟ್ಟಲಾರದೆ ದನಗಳ ಮೇಲೆ, ಕೊನೆಗೆ ಮನುಷ್ಯನ ಮೇಲೆಯೇ ಎರಗಬಹುದು. ೧೯೦೭ರಲ್ಲಿ ಕುಮಾವೂ ಪ್ರಾಂತದಲ್ಲಿ ಜಿಮ್ ಕಾರ್ಬೆಟ್ಟನು ಕೊಂದ ಚಂಪಾವತದ ಹೆಣ್ಣುಹುಲಿಯ ಕೋರೆಹಲ್ಲುಗಳು ಹಳೆಯದೊಂದು ಗುಂಡೇಟಿನಿಂದ ಮುರಿದುಹೋಗಿದ್ದುವು. ಗುರಿ ತಪ್ಪಿದ ಒಬ್ಬನ ತಪ್ಪಿಗೆ ನೂರಾರು ಮನೆಗಳು ದಂಡ ತೆತ್ತವು.

ಹಗಲಿನಲ್ಲಿ ಬೇಟೆಗಾರನು ನಳಿಗೆಯ ಹಿಂಬದಿಯ ಕಚ್ಚು, ತುದಿಯ ಮಣಿ, ಎದುರಿನ ಪ್ರಾಣಿ ಈ ಮೂರನ್ನೂ ಒಂದೇ ಗೆರೆಗೆ ತಂದು ಗುಂಡು ಹಾರಿಸುತ್ತಾನೆ. ಇರುಳಿನಲ್ಲಿ ಮೂರೂ ಮಾಯವಾಗುತ್ತವೆ. ಮಣಿಯನ್ನು ಕಾಣದವನ ಗುಂಡು ಸಾಮಾನ್ಯವಾಗಿ ಪ್ರಾಣಿಯ ಮೇಲಿಂದ ಹಾರಿಹೋಗುತ್ತದೆ. ೧೮೭೦ರ ದಶಕದಲ್ಲಿ ಚಾಮರಾಜನಗರದ ಸಮೀಪ ನೆಲೆಸಿ, ಖೆಡ್ಡಾದಲ್ಲಿ ಆನೆ ಹಿಡಿದು ಹೆಸರಾದ ಸ್ಯಾಂಡರ್ಸನ್ನನ ಕಾಲದಲ್ಲಿ ಬೇಟೆಗಾರರಿಗೆ ಬೆಳುದಿಂಗಳೇ ದೀಪ. ಮಣಿಗೆ ಬಿಳಿಯ ಬಣ್ಣ ಬಳಿಯುವುದು, ನಳಿಗೆಗೆ ಬಿಳಿಯ ಕಾಗದ ಕಟ್ಟುವುದು, ಇವೇ ಅಂದಿನ ಉಪಾಯಗಳು. ಚಂದ್ರನಿಗೆ ಮೋಡ ಮುಸುಕಿತೋ, ಹಾರಿಸುವಂತೆಯೂ ಇಲ್ಲ, ಮರದಿಂದ ಇಳಿಯುವಂತೆಯೂ ಇಲ್ಲ.

ವಿದ್ಯುತ್ ಟಾರ್ಚು ಬಂದ ಮೇಲೆ ಈ ಪಾಡು ಬದಲಾಯಿತು. ಬೆಂಗಳೂರಿನಲ್ಲಿ ನೆಲೆಸಿ, ದಕ್ಷಿಣದ ಕಾಡುಗಳನ್ನೆಲ್ಲ ಅಲೆದ ಕೆನೆತ್ ಆಂಡರ್ಸನ್ನನ (೧೯೧೦–೧೯೭೪) ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಅವನ .೪೦೫ ವಿಂಚೆಸ್ಟರ್ ರೈಫಲ್ಲೂ ಅದಕ್ಕೆ ಬಿಗಿದ ಟಾರ್ಚೂ ಪರಿಚಿತವೇ. ಟಾರ್ಚನ್ನು ಬಿಗಿಯುವುದು ಸುಲಭದ ಕೆಲಸವೆಂದು ತೋರಬಹುದು, ಹಾಗಲ್ಲ. ಬೆಳಕು ಪ್ರಾಣಿಯ ಮೇಲೆ ಬಿದ್ದರಷ್ಟೇ ಸಾಲದು, ಮಣಿಯನ್ನೂ ತುಸು ಸವರಿಕೊಂಡು ಹೋಗಬೇಕು. ಗುಂಡಿಯು ಎಡಗೈಯ ಹೆಬ್ಬೆರಳಿಗೆ ತಾನಾಗಿ ಸಿಕ್ಕಬೇಕು. ಅದನ್ನು ಹುಡುಕುವಷ್ಟು ಹೊತ್ತು ಹುಲಿ ಕಾಯದು. ಕೋವಿ ಸಿಡಿದಾಗಿನ ಹೊಡೆತಕ್ಕೆ ಹಿಡಿಕೆ ಸಡಿಲಬಾರದು. ಆದುದರಿಂದ ಬಲ್ಲವರು ಮುಸ್ಸಂಜೆಯಲ್ಲಿಯೇ ಒಂದು ಮರದ ಬೊಡ್ಡೆಯ ಮೇಲೆ ಬೆಳಕು ಬಿಟ್ಟು, ಬೆಳಕಿನ ನಡುವೆಯೇ ಗುರಿ ನಿಲ್ಲುವುದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಹೊಸ ಬ್ಯಾಟರಿ ಹಾಕುವರು. ಬೇರೊಂದು ಟಾರ್ಚನ್ನೂ ಕೈಗೆಟುಕುವಲ್ಲಿ ಇಟ್ಟುಕೊಳ್ಳುವರು. ಮಚಾನಿನ ಮುಂದೆ ಅಡ್ಡಬರುವ ಒಂದು ಎಲೆ ಸಾಕು, ಬೆಳಕೆಲ್ಲ ಅದರ ಮೇಲೆಯೇ ಚೆಲ್ಲಿ ನೋಡುವವನ ಕಣ್ಣನ್ನೇ ಕುರುಡಾಗಿಸುತ್ತದೆ. ಅದನ್ನು ಹಗಲೇ ಸವರಿಬಿಡಬೇಕು. ನೀರಿನ ಸೀಸೆ, ಬಕಲು, ಸರಪಳಿ ಮೊದಲಾದ ಸದ್ದು ಮಾಡುವ ವಸ್ತುಗಳಿಗೆಲ್ಲ ಬಟ್ಟೆ ಸುತ್ತಬೇಕು. ಸೊಳ್ಳೆಗೆ ಮಾತ್ರ ಯಾವ ಉಪಾಯವೂ ಇರಲಿಲ್ಲ.

ಇಷ್ಟು ಸಿದ್ಧತೆಯೂ ಎರಡು ಮೂರು ಕ್ಷಣಗಳಿಗಾಗಿ. ಸತ್ತ ದನದ ಮೂಳೆ ಮುರಿಯುವ ಸದ್ದು ಕೇಳಿ, ರೈಫಲ್ಲು ಭುಜಕ್ಕೇರಿ, ಬೆಳಕು ಹತ್ತಿದಾಗ ಹುಲಿ ತಲೆಯೆತ್ತಿ ನೋಡುತ್ತದೆ. ಆ ನೋಟದೊಳಗೆ ಕೆಲಸ ಮುಗಿಯಬೇಕು. ಇಲ್ಲವಾದರೆ ಹಾರಿಸದೆ ಬಿಡುವುದೇ ಲೇಸು. ಸಿದ್ಧತೆ ಎಷ್ಟಿದ್ದರೂ ಯಂತ್ರ ಕೈಕೊಡುವುದುಂಟು. ರುದ್ರಪ್ರಯಾಗದ ನರಭಕ್ಷಕ ಚಿರತೆಗಾಗಿ ೧೯೨೬ರ ಮೇ ತಿಂಗಳ ಒಂದು ರಾತ್ರಿ ಮಾವಿನ ಮರದಲ್ಲಿ ಕುಳಿತಿದ್ದ ಕಾರ್ಬೆಟ್ಟನ ಟಾರ್ಚು ಒಮ್ಮೆ ಮಿಂಚಿ ಆರಿಹೋಯಿತು. ಆ ಮಿಂಚಿನಲ್ಲಿ ಗುಂಡು ಹಾರಿತ್ತು. ತಗಲಿತೋ ಇಲ್ಲವೋ ತಿಳಿಯಲು ಅವನು ಬೆಳಗಿನವರೆಗೆ ಕಾಯಬೇಕಾಯಿತು.

೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಮರುವರ್ಷ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಕೋವಿಯವನಿಗೆ ಕೆಲಸ ತಪ್ಪಿತಾದರೂ, ಕಾಡಿನ ದಾರಿಯಲ್ಲಿ ಇರುಳಿಗಾಗಿ ಅಣಿಮಾಡುವ ಕೆಲಸ ನಿಲ್ಲಲಿಲ್ಲ. ಇಂದು ಅರಣ್ಯ ಸಿಬ್ಬಂದಿಯವರು ಮರಕ್ಕೆ ಬಿಗಿಯುವುದು ಕ್ಯಾಮೆರಾ. ಹುಲಿಯ ಎರಡು ಮಗ್ಗುಲುಗಳ ಪಟ್ಟೆಗಳು ಒಂದೇ ರೀತಿ ಇರುವುದಿಲ್ಲವಾದ್ದರಿಂದ ದಾರಿಯ ಎರಡೂ ಕಡೆ ಒಂದೊಂದು, ಮೊಣಕಾಲೆತ್ತರದಲ್ಲಿ. ಅಡ್ಡಬರುವ ಹುಲ್ಲನ್ನು ಇಲ್ಲಿಯೂ ಸವರಬೇಕು. ಬ್ಯಾಟರಿಯನ್ನು ಇಲ್ಲಿಯೂ ನೋಡಬೇಕು. ಹೀಗೆ ಪಟ್ಟೆ ಗುರುತಿಸಿ ಹುಲಿಗಳನ್ನು ಎಣಿಸುವ ಕ್ರಮವನ್ನು ೧೯೯೦ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ರೂಢಿಗೆ ತಂದರು.

೨೦೧೯ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಹುಲಿಯೊಂದು ಇಬ್ಬರನ್ನು ಕೊಂದಿತು. ಅದನ್ನು ಕೊಂದುಬಿಡಿರೆಂದು ಜನ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಹೊಲಕ್ಕೆ ಹೋಗಬೇಕಾದವರು ಅವರು. ಕ್ಯಾಮೆರಾಗಳಿಟ್ಟು, ಸಾಕಾನೆಗಳೊಡನೆ ದಿನಗಟ್ಟಲೆ ಹುಡುಕಿ, ಅಕ್ಟೋಬರಿನಲ್ಲಿ ಅರಿವಳಿಕೆಯ ಸೂಜಿ ಹಾರಿಸುವ ಕೋವಿಯಿಂದ ಅದನ್ನು ಕೆಡವಿ, ಜೀವಂತವಾಗಿ ಮೈಸೂರಿಗೆ ಸಾಗಿಸಿದರು. ಈ ಕೋವಿಗೆ ಇರುಳು ಒಗ್ಗದು. ಸೂಜಿ ತಗಲಿದ ಹುಲಿ ಮಲಗುವುದಕ್ಕೆ ಹಲವು ನಿಮಿಷಗಳು ಬೇಕು. ಅಷ್ಟರಲ್ಲಿ ಅದು ಕತ್ತಲೆಯೊಳಗೆ ಎಲ್ಲಿಗೋ ಸರಿದುಹೋದರೆ, ಅರೆಮಂಪರಿನ ಆ ಪ್ರಾಣಿಯನ್ನು ಹುಡುಕುವವರು ಯಾರು? ಗಾಯದ ಹುಲಿಯ ಭಯ ಇಲ್ಲಿ ಬೇರೊಂದು ರೂಪದಲ್ಲಿ ಉಳಿದಿದೆ.

೨೦೦೯ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ. ಮತ್ತೆ ತೆರೆಯುವುದು ಬೆಳಗ್ಗೆ ಆರಕ್ಕೆ. ಆ ಒಂಬತ್ತು ಗಂಟೆಗಳಲ್ಲಿ ಕಾಡಿನ ದಾರಿಯಲ್ಲಿ ಯಾರು ಹಾದುಹೋದರೆಂಬುದು ಆಮೇಲೆ ಕ್ಯಾಮೆರಾ ಬಿಚ್ಚಿದವರಿಗೆ ತಿಳಿಯುತ್ತದೆ.