ಒತ್ತಕ್ಷರದ ಭಾರ

ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಕಲಮನ್ನು ಅಂಗಡಿಯಿಂದ ತಂದು ಹಾಗೆಯೇ ಬಳಸುತ್ತಿರಲಿಲ್ಲ. ಜೊಂಡಿನ ಕಡ್ಡಿಯ ತುದಿಯನ್ನು ತಮ್ಮ ಕೈಗೆ, ಅಕ್ಷರದ ದಪ್ಪಕ್ಕೆ ತಕ್ಕಂತೆ ಓರೆಯಾಗಿ ಕತ್ತರಿಸಿಕೊಳ್ಳುತ್ತಿದ್ದರು. 1981ರಲ್ಲಿ ನೂರಿ ನಸ್ತಾಲೀಕ್ ಬಂತು, 1994ರಲ್ಲಿ ಇನ್‌ಪೇಜ್ ಬಂತು, ಕಲಮು ಮೂಲೆ ಸೇರಿತು. ಆದರೆ ಸಾಧನ ಕೈಗೆ ಒಗ್ಗಬೇಕು ಎಂಬ ಮಾತು ಹಳತಾಗಿಲ್ಲ. ಕೀಬೋರ್ಡಿನ ವಿಷಯಕ್ಕೆ ಬಂದಾಗ ಮಾತ್ರ ನಾವೆಲ್ಲ ಕಂಪ್ಯೂಟರಿನ ಜೊತೆ ಬಂದದ್ದಕ್ಕೇ ಕೈಯನ್ನು ಒಗ್ಗಿಸಿಬಿಡುತ್ತೇವೆ.

ನಂದಿನಿ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಕಂಪ್ಯೂಟರ್ ಒಂದು, ಅದರ ಮುಂದೆ ಕೂರುವವರು ನಾವಿಬ್ಬರು ಗಂಡ-ಹೆಂಡಿರು. ಕಥೆಗಳ ಸಂಭಾವನೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ಹಾಗಾಗಿ ಹಗಲೆಲ್ಲ ಪುಟಕ್ಕಿಷ್ಟು ಎಂದು ಬೇರೆಯವರ ಪುಸ್ತಕ ಟೈಪ್ ಮಾಡುತ್ತೇವೆ, ಸುಗ್ಗಿಯಲ್ಲಿ ಉರ್ದು-ಕನ್ನಡ ಮದುವೆ ಕಾರ್ಡುಗಳನ್ನೂ ಮಾಡುತ್ತೇವೆ. ರಾತ್ರಿ ನಮ್ಮ ಕಥೆ. ಕಳೆದ ವರ್ಷ ಮಣಿಕಟ್ಟು ನೋಯತೊಡಗಿತು, ಕಿರುಬೆರಳುಗಳು ಬೆಳಗಿನ ಹೊತ್ತು ಜೋಮು ಹಿಡಿಯತೊಡಗಿದವು. ವೈದ್ಯರು ಮೂರು ವಾರ ಕೈಗೆ ವಿಶ್ರಾಂತಿ ಕೊಡಿ ಎಂದರು. ಮೂರು ವಾರವೆಂದರೆ ನಮ್ಮಂಥವರಿಗೆ ಒಂದು ತಿಂಗಳ ಬಾಡಿಗೆ. ಮೆಕ್ಯಾನಿಕಲ್ ಕೀಬೋರ್ಡು ನಮಗೆ ಷೋಕಿಯ ವಸ್ತುವಾಗದೆ ಅನ್ನದ ಪ್ರಶ್ನೆಯಾದದ್ದು ಹೀಗೆ.

ಸಾಮಾನ್ಯ ಕೀಬೋರ್ಡಿನ ಒಳಗೆ ಒಂದೇ ರಬ್ಬರ್ ಹಾಳೆ ಇರುತ್ತದೆ. ಕೀಲಿಯನ್ನು ತಳ ಮುಟ್ಟುವವರೆಗೆ ಒತ್ತಿದರೇ ಅಕ್ಷರ ಮೂಡುವುದು. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಲಿಗೂ ಬೇರೆ ಸ್ವಿಚ್ಚು, ಅದರಲ್ಲೊಂದು ಸ್ಪ್ರಿಂಗು. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚೇ ಇಂದಿನ ಹೆಚ್ಚಿನವಕ್ಕೆ ಮಾದರಿ. ಇದರಲ್ಲಿ ಕೀಲಿ 4 ಮಿಲಿಮೀಟರ್ ಕೆಳಗಿಳಿಯುತ್ತದೆ, ಅಕ್ಷರ ಮಾತ್ರ 2 ಮಿಲಿಮೀಟರಿಗೇ ಮೂಡಿಬಿಡುತ್ತದೆ. ಬೆರಳು ತಳಕ್ಕೆ ಗುದ್ದಬೇಕಿಲ್ಲ. ಕೆಂಪು ಸ್ವಿಚ್ಚು ಸರಾಗವಾಗಿ ಇಳಿಯುತ್ತದೆ, ಕಂದು ಬಣ್ಣದ್ದು ನಡುವೆ ಸಣ್ಣದೊಂದು ಉಬ್ಬು ದಾಟಿಸುತ್ತದೆ, ನೀಲಿ ಉಬ್ಬಿನ ಜೊತೆಗೆ ‘ಟಿಕ್’ ಎನ್ನುತ್ತದೆ. ಕೆಂಪು ಸ್ವಿಚ್ಚಿಗೆ ಸುಮಾರು 45 ಗ್ರಾಂ ಒತ್ತಡ ಸಾಕು, ಕಪ್ಪಿಗೆ 60 ಬೇಕು. 15 ಗ್ರಾಂ ಏನು ಮಹಾ ಎನಿಸಬಹುದು. ದಿನಕ್ಕೆ 20,000 ಸಲ ಒತ್ತುವವರಿಗೆ ಅದು 300 ಕಿಲೋ, ಅಂದರೆ 50 ಕಿಲೋದ ಆರು ಮೂಟೆ ಅಕ್ಕಿ. ಇದು ವೈದ್ಯಶಾಸ್ತ್ರದ ಲೆಕ್ಕವಲ್ಲ, ಮನೆಯ ಲೆಕ್ಕ. ಆದರೂ ಬೆರಳಿಗೆ ಅರ್ಥವಾಗುವ ಲೆಕ್ಕ.

ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಕನ್ನಡ ಟೈಪ್ ಮಾಡುವವರು ಏನನ್ನು ನೋಡಬೇಕೆಂದು ಹೇಳುವವರು ಕಡಿಮೆ. ಕೆ.ಪಿ. ರಾವ್ ಅವರು ಕನ್ನಡವನ್ನು ಉಚ್ಚಾರಣೆಯ ಜಾಡಿನಲ್ಲಿ ಇಂಗ್ಲಿಷಿನ 26 ಕೀಲಿಗಳ ಮೇಲೆಯೇ ಕೂರಿಸಿದರು. ಸರ್ಕಾರ ಅದನ್ನು ಶಿಷ್ಟ ವಿನ್ಯಾಸವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮನೆಮನೆಗೆ ತಲುಪಿಸಿತು. ಆದ್ದರಿಂದ ಕೀಲಿಗಳ ಮೇಲೆ ಕನ್ನಡ ಮುದ್ರಿಸಿದ ಕೀಬೋರ್ಡು ಹುಡುಕಬೇಕಾಗಿಲ್ಲ. ಉರ್ದುವಿನ ಫೊನೆಟಿಕ್ ವಿನ್ಯಾಸವೂ ಅದೇ ಕೀಲಿಗಳ ಮೇಲಿದೆ. ಹಗಲು ‘ಟ’ ಕೊಡುವ ಕ್ಯೂ ಕೀಲಿ, ಮದುವೆ ಕಾರ್ಡಿನ ಹೊತ್ತಿಗೆ ನಾವು ದಖ್ಖನಿಯವರು ‘ಖ’ ಎಂದೇ ಉಚ್ಚರಿಸುವ ಕಾಫ್ ಕೊಡುತ್ತದೆ. ಎರಡು ಶಾಲೆ ಕಂಡ ಬೆರಳಿಗೆ ಇದು ಗೊಂದಲವೇ ಅಲ್ಲ.

ಆದರೆ ಭಾರ ಬೀಳುವ ಜಾಗ ಬೇರೆ. ಕನ್ನಡದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀಲಿ ಬೇಕು. ‘ಕನ್ನಡ’ ಎಂದು ಬರೆಯಲು ಮೂರು ಅಕ್ಷರಕ್ಕೆ ಐದು ಒತ್ತು. ಎಡ ತೋರುಬೆರಳು ಇಂಗ್ಲಿಷಿನಲ್ಲಿ ಎಫ್ ಮೇಲೆ ವಿಶ್ರಾಂತಿ ಪಡೆಯುತ್ತದೆ, ಕನ್ನಡದಲ್ಲಿ ಅಲ್ಲೇ ದುಡಿಯುತ್ತದೆ. ಇನ್ನು ಮಹಾಪ್ರಾಣಗಳು, ಣ, ಳ, ಶ, ದೀರ್ಘಗಳು ಎಲ್ಲಕ್ಕೂ ಶಿಫ್ಟ್ ಕೀಲಿ ಒತ್ತಬೇಕು. ಅಂದರೆ ಹತ್ತರಲ್ಲಿ ಅತ್ಯಂತ ಬಡಪಾಯಿಯಾದ ಕಿರುಬೆರಳು ದಿನವಿಡೀ ಮೂಟೆ ಹೊರುತ್ತದೆ. ನಮ್ಮ ಜೋಮಿನ ಮೂಲ ಅಲ್ಲಿತ್ತು.

ಟಿವಿಎಸ್ ಗೋಲ್ಡ್ ಕೀಬೋರ್ಡನ್ನು ಮರೆತು ಈ ಮಾತು ಮುಗಿಸಲಾಗದು. ಮೆಕ್ಯಾನಿಕಲ್ ಎಂಬ ಪದ ಕಿವಿಗೆ ಬೀಳುವ ಎಷ್ಟೋ ಮೊದಲೇ ಡಿಟಿಪಿ ಅಂಗಡಿಗಳಲ್ಲಿ, ಕೌಂಟರುಗಳಲ್ಲಿ ಕಟಕಟ ಎನ್ನುತ್ತಿದ್ದದ್ದು ಅದೇ. 2010ರಲ್ಲಿ ರೂಪಾಯಿ ಚಿಹ್ನೆ ಬಂದ ಮೇಲೆ ಆ ಚಿಹ್ನೆ ಹೊತ್ತ ‘ಭಾರತ್’ ಮಾದರಿಯೂ ಬಂತು. ಗಟ್ಟಿ ಆಳು. ಸದ್ದು ಅದರ ಗುಣ, ಅಂಗಡಿಯಲ್ಲಿ ಅದು ಬೇಸಾಯದ ಸದ್ದಿನಂತೆ ಹಿತವೂ ಹೌದು. ನಮ್ಮದು ಒಂದೂವರೆ ಕೋಣೆಯ ಮನೆ. ಕಂಪ್ಯೂಟರಿಗೂ ಅಮ್ಮಿಯ ಮಂಚಕ್ಕೂ ನಡುವೆ ಒಂದು ಪರದೆ ಮಾತ್ರ. ರಾತ್ರಿ ಹನ್ನೊಂದಕ್ಕೆ ಕಥೆಗೆ ಕೂತರೆ ಬೆಳಗಿನ ಫಜ್ರ್‌ಗೆ ಏಳುವ ಅವರ ನಿದ್ದೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೀಲಿ ಸ್ವಿಚ್ಚು ಆರಿಸಲಾಗದು.

ಮಾರ್ಕೆಟ್ ಬಸ್ಸು ಹಿಡಿದು ಎಸ್.ಪಿ. ರೋಡಿಗೆ ಹೋದೆವು. ದೀಪ ಮಿನುಗುವ ಕೀಬೋರ್ಡುಗಳನ್ನು ತೋರಿಸಿದ ಅಂಗಡಿಯ ಹುಡುಗ, “ಗೇಮಿಂಗಿಗಾ ಸಾರ್?” ಎಂದು ಕೇಳಿದ. “ಇಲ್ಲಪ್ಪಾ, ಕನ್ನಡಕ್ಕೆ” ಎಂದೆವು. ಮೂರು ಪದಗಳನ್ನು ಮತ್ತೆ ಮತ್ತೆ ಒತ್ತಿ ನೋಡಿದೆವು: ಹಳ್ಳಿ, ಶಾಲೆ, ಕಷ್ಟ. ಅಲ್ಲಿ ನುಡಿ ಇರಲಿಲ್ಲ, ತೆರೆಯ ಮೇಲೆ ಮೂಡಿದ್ದು ಇಂಗ್ಲಿಷಿನ ಕಲಸುಮೇಲೋಗರ. ಚಿಂತೆಯಿಲ್ಲ, ಓದಬೇಕಾಗಿದ್ದದ್ದು ಬೆರಳು. ಹಳ್ಳಿ ಎಡಗಡೆಯ ಶಿಫ್ಟನ್ನು ಪರೀಕ್ಷಿಸುತ್ತದೆ, ಶಾಲೆ ಬಲಗಡೆಯದನ್ನು, ಕಷ್ಟ ಎಫ್ ಕೀಲಿಯನ್ನು. ಉದ್ದನೆಯ ಶಿಫ್ಟ್ ಕೀಲಿಯ ಕೆಳಗೆ ಅದನ್ನು ಸಮತೂಕದಲ್ಲಿಡುವ ತಂತಿಯೊಂದಿರುತ್ತದೆ. ಅದು ಸರಿಯಿಲ್ಲದಿದ್ದರೆ ಅಂಚಿನಲ್ಲಿ ಒತ್ತಿದಾಗ ಕೀಲಿ ಕಚ್ಚಿಕೊಳ್ಳುತ್ತದೆ. ಎರಡು ಕೀಬೋರ್ಡು ಅಲ್ಲೇ ಬಿದ್ದುಹೋದವು.

ಕೊನೆಗೆ ಕಂದು ಸ್ವಿಚ್ಚಿನ, ಬಲಗಡೆ ಅಂಕಿಗಳ ಭಾಗವಿಲ್ಲದ ಒಂದನ್ನು ತಂದೆವು. ಆ ಭಾಗ ಇಲ್ಲದ್ದರಿಂದ ಮೌಸ್ ಹತ್ತಿರವಾಯಿತು, ಭುಜ ಅಗಲಿಸುವುದು ತಪ್ಪಿತು. ಹಿಂಬದಿಯ ಕಾಲುಗಳನ್ನು ಮಡಚಿಯೇ ಇಟ್ಟೆವು. ಅವನ್ನು ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಕೀಬೋರ್ಡು ಔಷಧಿಯಲ್ಲ. ಗಂಟೆಗೊಮ್ಮೆ ಏಳದಿದ್ದರೆ ಯಾವ ಸ್ವಿಚ್ಚೂ ಕೈ ಕಾಯುವುದಿಲ್ಲ. ಹೊಲಿಗೆ ಮಿಷನ್ ತುಳಿದೇ ಸಂಸಾರ ನಡೆಸಿದ ಅಮ್ಮಿ ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಹೊತ್ತು ಮೀರಿದರೆ ಪರದೆಯ ಆಚೆಯಿಂದಲೇ, “ಸಾಕು ಮಕ್ಕಳೇ, ನಾಳೆಗೂ ಸ್ವಲ್ಪ ಕೈ ಉಳಿಸಿಕೊಳ್ಳಿ” ಎನ್ನುತ್ತಾರೆ.

ಕನ್ನಡದಲ್ಲಿ ಟೈಪ್ ಮಾಡಿ ಬದುಕುವವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ನೋವು ಬಂದರೆ ಹಣೆಬರಹ ಎಂದು ಮುಲಾಮು ಹಚ್ಚಿ ಮಲಗುತ್ತಾರೆ. ಅವರಿಗೆ ನಾವು ಹೇಳುವುದಿಷ್ಟೇ: ಎರಡು-ಮೂರು ಸಾವಿರ ದೊಡ್ಡ ಮೊತ್ತವೇ, ಆದರೆ ಕೈ ಅದಕ್ಕಿಂತ ದೊಡ್ಡದು. ಬಣ್ಣ, ದೀಪ ನೋಡಬೇಡಿ. ಹಳ್ಳಿ, ಶಾಲೆ, ಕಷ್ಟ, ಈ ಮೂರು ಪದಗಳನ್ನು ಐವತ್ತು ಸಲ ಒತ್ತಿ. ಕಿರುಬೆರಳು ಏನನ್ನುತ್ತದೆಯೋ ಕೇಳಿ, ಆಮೇಲೆ ದುಡ್ಡು ಕೊಡಿ.